ಮೊದಲ ಮಳೆಗಾಲ ಬರೀ ನೋಡಿ

ಹಳೇ ಮನೆಯ ಜಗಲಿಗೋಡೆಯನ್ನು ಉಗುರಿನಿಂದ ಕೆದಕಿ ನೋಡಿದ್ದೀರಾ? ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಪೂರಿಯ ಹಾಗೆ ಉಬ್ಬಿರುತ್ತದೆ. ಒತ್ತಿದರೆ ಪುಸುಕ್ಕೆಂದು ಒಡೆದು ಪದರ ಪದರವಾಗಿ ಏಳುತ್ತದೆ. ಮೇಲೆ ಹೋದ ವರ್ಷದ ತಿಳಿಹಸಿರು, ಅದರಡಿ ಬಿಳಿ ಪುಟ್ಟಿ, ಅದರಡಿ ಯಾರದೋ ಮದುವೆಗೆಂದು ಹೊಡೆಸಿದ ಕೆನೆಬಣ್ಣ, ಅದಕ್ಕೂ ಕೆಳಗೆ ಸಿಮೆಂಟಿನ ತೇಪೆ, ಕಡೆಗೆ ಒದ್ದೆ ಒದ್ದೆಯಾದ ಸುಣ್ಣದ ಗಾರೆ. ಒಂದೇ ಗೋಡೆಗೆ ಒಂದೇ ಔಷಧಿಯನ್ನು ಮೂರು ನಾಲ್ಕು ಸಲ ಕುಡಿಸಿದ ಲೆಕ್ಕ ಅದು. ಪ್ರತಿ ಸಲವೂ ದೀಪಾವಳಿಗೆ ಮಿರಮಿರ ಮಿಂಚಿ, ಮುಂದಿನ ಆಷಾಢದಲ್ಲಿ ಮತ್ತೆ ಉಬ್ಬಿದೆ.

ಮಲೆನಾಡು, ಕರಾವಳಿಯ ಹಂಚಿನ ಮನೆಗಳನ್ನು ಈಗ ಮಕ್ಕಳು, ಮೊಮ್ಮಕ್ಕಳು ಮತ್ತೆ ವಾಸಕ್ಕೆ ಸರಿ ಮಾಡಿಕೊಳ್ಳುತ್ತಿದ್ದಾರೆ. ಎಲ್ಲ ಕೆಲಸಕ್ಕೂ ಆಳು ಸಿಗುವುದಿಲ್ಲ, ಸಿಕ್ಕಿದವರಿಗೆ ಸಿಮೆಂಟು ಬಿಟ್ಟರೆ ಬೇರೆ ಗಾರೆ ಗೊತ್ತಿರುವುದಿಲ್ಲ, ಹಾಗಾಗಿ ಒಂದಷ್ಟನ್ನು ತಾವೇ ಮಾಡುವ ಹುರುಪು. ಹುರುಪೇನೋ ಒಳ್ಳೆಯದೇ. ತೊಂದರೆ ಇರುವುದು ಸರದಿಯಲ್ಲಿ. ಬಣ್ಣ ಕಣ್ಣಿಗೆ ಕಾಣುತ್ತದೆ, ಶನಿವಾರ ಭಾನುವಾರದಲ್ಲಿ ಮುಗಿಯುತ್ತದೆ, ಹಾಗಾಗಿ ಕಡೆಗೆ ಆಗಬೇಕಾದ ಕೆಲಸ ಮೊದಲು ನಡೆದುಹೋಗುತ್ತದೆ. ಹಳೇ ಮನೆಯ ನೂರೆಂಟು ರೋಗಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ನೀರು. ಅದು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬೇಸಗೆಯಲ್ಲಿ ಊಹಿಸಲು ಬರುವುದಿಲ್ಲ. ಆದ್ದರಿಂದ ಮೊದಲ ಮಳೆಗಾಲದಲ್ಲಿ ತುರ್ತಿನದು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಒಂದು ಟಾರ್ಚು, ಒಂದು ಸೀಮೆಸುಣ್ಣದ ಕಡ್ಡಿ, ಒಂದು ನೋಟ್‌ಬುಕ್ಕು ಸಾಕು.

ಬಕೆಟ್ ಇಟ್ಟ ಜಾಗದಲ್ಲಿ ಸೋರುವುದಿಲ್ಲ

ತೀರ್ಥಹಳ್ಳಿ ಕಡೆಯ ಒಂದು ಮನೆಯ ಹಜಾರ. ಜೂನ್ ಎರಡನೇ ವಾರ, ನಡುಮಧ್ಯದಲ್ಲಿ ಹಿತ್ತಾಳೆಯ ಹಂಡೆ, ಅದರೊಳಗೆ ಟಪ್ ಟಪ್ ಎಂದು ಹನಿ. ಪ್ರತಿ ವರ್ಷವೂ ಹಂಡೆಯ ನೇರ ಮೇಲಿನ ಹಂಚು ಬದಲಾಗುತ್ತಿತ್ತು, ಪ್ರತಿ ವರ್ಷವೂ ಹಂಡೆ ಅಲ್ಲಿಗೇ ಬರುತ್ತಿತ್ತು. ಆ ಸಲ ಯಾರೋ ಟಾರ್ಚನ್ನು ಮೇಲಕ್ಕೆ ನೆಟ್ಟಗೆ ಬಿಡದೆ ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ತೊಲೆ) ಉದ್ದಕ್ಕೂ ಓರೆಯಾಗಿ ಹಿಡಿದರು. ಮರದ ಅಡಿಮೈಯಲ್ಲಿ ದಾರದಷ್ಟು ತೆಳುವಾದ ಒಂದು ಗೆರೆ ಮಿಂಚಿತು. ಅದರ ಬೆನ್ನು ಹತ್ತಿ ಹೋದರೆ ಏಳು ಅಡಿ ಮೇಲೆ, ನೆತ್ತಿಯ ಹಂಚಿನ ಗಾರೆ ಬಾಯಿಬಿಟ್ಟ ಜಾಗ. ಅಲ್ಲಿ ಒಳನುಗ್ಗಿದ ನೀರು ಪಕ್ಕಾಸನ್ನು ಹಿಡಿದು ಜಾರಿ ಬಂದು, ಹಳೇ ಮೊಳೆಯೊಂದು ತಡೆದಲ್ಲಿ ಕೈಬಿಟ್ಟು ಹಂಡೆಗೆ ಬೀಳುತ್ತಿತ್ತು. ಅಷ್ಟು ವರ್ಷ ಬದಲಾದ ಹಂಚುಗಳಲ್ಲಿ ಯಾವುದಕ್ಕೂ ಏನೂ ಆಗಿರಲಿಲ್ಲ.

ಹಾಗಾಗಿ ಮಳೆ ಸುರಿಯುವಾಗಲೇ ಒಳಗಿನಿಂದ ಗುರುತು ಮಾಡಿಕೊಳ್ಳಿ. ಒದ್ದೆ ಮರದ ಮೇಲೆ ಸೀಮೆಸುಣ್ಣ ನಿಲ್ಲದು, ಪಕ್ಕದ ಒಣಗಿದ ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಮೇಲೆ ಗೆರೆ ಎಳೆದು ಪುಸ್ತಕದಲ್ಲಿ ಬರೆಯಿರಿ: 'ಹಜಾರ, ಬಾಗಿಲ ಕಡೆಯಿಂದ ಏಳನೇ ಪಕ್ಕಾಸು, ಸೂರಿನಿಂದ ಹನ್ನೊಂದನೇ ರೀಪು.' ಏಪ್ರಿಲ್‌ನಲ್ಲಿ ಏಣಿ ಹತ್ತುವಾಗ ಈ ಒಂದು ಸಾಲು ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ಹಂಚಿನಡಿ ಹಲಗೆಯ ಮುಚ್ಚಿಗೆ ಹೊಡೆದ ಕೋಣೆಯಾದರೆ ಈ ಕೆಲಸ ಕಷ್ಟ. ಒಂದು ಹಲಗೆಯನ್ನಾದರೂ ಬಿಚ್ಚುವಂತೆ ಮಾಡಿಕೊಳ್ಳದೆ ವಿಧಿಯಿಲ್ಲ.

ಹಂಚು ಒಡೆಯುವುದಕ್ಕೆ ಮಂಗ, ತೆಂಗಿನಕಾಯಿ ಕಾರಣ ಎಂದು ಎಲ್ಲರಿಗೂ ಗೊತ್ತು. ಒಡೆಯದ ಹಂಚು ಸೋರುವುದು ಏಕೆ ಎಂಬುದು ಅಷ್ಟು ಗೊತ್ತಿಲ್ಲ. ಮಂಗಳೂರು ಹಂಚಿನ ಮೈಮೇಲಿನ ಕಾಲುವೆಗಳಲ್ಲಿ ನೀರು ಇಳಿಯಬೇಕು. ಅಲ್ಲಿ ತರಗೆಲೆ, ಪಾಚಿ ತುಂಬಿದರೆ ನೀರು ಕಟ್ಟಿಕೊಂಡು ಪಕ್ಕದ ಹಂಚಿಗೆ ಕೂಡುವ ಕೊಂಡಿಯ ಅಂಚು ಹತ್ತಿ ಒಳಗಿಳಿಯುತ್ತದೆ. ಎಷ್ಟೋ ಮಾಡುಗಳ (ಹಂಚಿನ ಚಾವಣಿ) ಸೋರಿಕೆ ಒಂದೇ ಒಂದು ಹಂಚು ಬದಲಾಯಿಸದೆ, ಗಟ್ಟಿ ತೆಂಗಿನ ನಾರಿನ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿದರೆ ನಿಂತುಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಗುಡಿಸಿದರೆ ಕಸವೆಲ್ಲ ಹಂಚಿನ ಸಂದಿಗೆ ಸೇರಿ ಇನ್ನೂ ಕೆಡುತ್ತದೆ. ಪ್ರೆಷರ್ ಪಂಪಿನ ಆಸೆಗೆ ಬೀಳಬೇಡಿ. ಅದು ಪಾಚಿಯ ಜೊತೆಗೆ ಹಳೇ ಹಂಚಿನ ಮೈಯನ್ನೂ ತಿನ್ನುತ್ತದೆ, ನೀರನ್ನು ತಲೆಕೆಳಗಾಗಿ ಒಳಗೂ ನುಗ್ಗಿಸುತ್ತದೆ.

ಮುಚ್ಚಿಗೆ ಇಲ್ಲದ ಕಡೆ ಒಂದೆರಡು ಹಂಚನ್ನು ಒಳಗಿನಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಹಂಚನ್ನು ಎರಡು ಇಂಚು ಎತ್ತಿ, ಸಂದಿಗೆ ಮರದ ಬೆಣೆ ಕೊಡಿ. ಒಡೆದದ್ದನ್ನು ಮೇಲಕ್ಕೆ ದೂಡಿ ರೀಪಿನಿಂದ ಅದರ ಕೊಕ್ಕೆ ಬಿಡಿಸಿ, ಓರೆ ಮಾಡಿ ಕೆಳಗಿಳಿಸಿ. ಹೊಸದನ್ನು ಅದೇ ದಾರಿಯಲ್ಲಿ ಏರಿಸಿ, ಕೊಕ್ಕೆ ರೀಪಿಗೆ ಕೂತ ಮೇಲೆ ಕೆಳಗೆ ಎಳೆದು ನೋಡಿ, ಆಮೇಲೆ ಬೆಣೆ ತೆಗೆಯಿರಿ. ಹೊರಗಿನಿಂದ ಹತ್ತುವುದಾದರೆ ಹಂಚಿನ ನಡುಹೊಟ್ಟೆಯ ಮೇಲೆ ಕಾಲಿಡಬಾರದು. ಎರಡು ಸಾಲು ಒಂದರ ಮೇಲೊಂದು ಕೂತ ಜಾಗದಡಿ ರೀಪು ಇರುತ್ತದೆ, ಭಾರ ಬೀಳಬೇಕಾದದ್ದು ಅಲ್ಲಿ. ಇನ್ನೂ ಒಳ್ಳೆಯದೆಂದರೆ ನೆತ್ತಿಗೆ ಹಗ್ಗದಿಂದ ಕಟ್ಟಿದ ಏಣಿಯನ್ನು ಮಾಡಿನ ಮೇಲೆ ಮಲಗಿಸಿಕೊಳ್ಳುವುದು. ಒದ್ದೆ ಪಾಚಿಯ ಮೇಲೆ ಯಾರೂ ಹತ್ತಬಾರದು, ಒಣಗಿದ ಮಾಡಿಗೂ ಒಬ್ಬರೇ ಹತ್ತಬಾರದು. ಕಂಬದಿಂದ ಬರುವ ಸರ್ವಿಸ್ ವೈರು ಸಾಮಾನ್ಯವಾಗಿ ಸೂರಿನ ಹತ್ತಿರವೇ ಇರುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ.

ಹಂಚು ಕೊಳ್ಳುವಾಗ ಬಹಳ ಮಂದಿ ಎಡವುವುದು ಅಳತೆಯಲ್ಲಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಹೋದವು. ಎಲ್ಲವೂ ಮಂಗಳೂರು ಹಂಚೇ, ಆದರೆ ಅಚ್ಚು ಬೇರೆ ಬೇರೆ. ಕಾಲಿಂಚು ವ್ಯತ್ಯಾಸವಾದರೂ ಕೊಂಡಿ ಕೂರುವುದಿಲ್ಲ, ಎದ್ದುನಿಂತ ಅಂಚಿನಡಿ ಗಾಳಿಮಳೆ ನುಗ್ಗುತ್ತದೆ. ನಿಮ್ಮ ಮಾಡಿನಿಂದ ಒಂದು ಹಂಚು ಇಳಿಸಿ ಅದರ ಬೆನ್ನಿನ ಮುದ್ರೆ ನೋಡಿ, ಅದನ್ನೇ ಅಂಗಡಿಗೆ ಹೊತ್ತೊಯ್ದು ಜೋಡಿಸಿ ನೋಡಿ ತನ್ನಿ. ಹಳೇ ಮನೆ ಕೆಡವಿದ ಸಾಮಾನು ಮಾರುವ ಕಡೆ ಅದೇ ಮುದ್ರೆಯದು ಸಿಕ್ಕರೆ ಇನ್ನೂ ಸರಿ. ಗೆಣ್ಣಿನಿಂದ ತಟ್ಟಿದಾಗ ಟಣ್ ಎಂದರೆ ತಗೊಳ್ಳಿ, ಮಂಕಾಗಿ ಡಬ್ ಎಂದರೆ ಒಳಗೆ ಬಿರುಕಿದೆ. ಎಲ್ಲೂ ಜೋಡಿ ಸಿಗದಿದ್ದರೆ ಒಂದು ಉಪಾಯವಿದೆ: ಮನೆಯ ಹಿಂದಿನ ಚಿಕ್ಕ ಇಳಿಜಾರನ್ನು ಪೂರ್ತಿ ಬಿಚ್ಚಿ ಅಲ್ಲಿಗೆ ಹೊಸ ಹಂಚು ಹೊದಿಸಿ, ಅಲ್ಲಿಂದ ಇಳಿದ ಹಳೇ ಹಂಚನ್ನು ಮುಂದಿನ ಮಾಡಿನ ತೇಪೆಗೆ ಬಳಸಿ. ಚದರ ಮೀಟರಿಗೆ ಸುಮಾರು 14–15 ಹಂಚು ಬೇಕು, ಒಂದೊಂದೂ ಎರಡೂವರೆ ಕಿಲೋದ ಆಸುಪಾಸು. 10 ಅಡಿಗೆ 15 ಅಡಿಯ ಕೋಣೆಯ ಮೇಲೆ, ಇಳಿಜಾರು ಮತ್ತು ಸೂರು ಸೇರಿ, ಇನ್ನೂರೈವತ್ತಕ್ಕೂ ಹೆಚ್ಚು ಹಂಚು ಕೂತಿರುತ್ತದೆ. ಅಂದರೆ ಅರ್ಧ ಟನ್ನಿಗಿಂತ ಹೆಚ್ಚಿನ ಭಾರ, ಮಳೆಗೆ ನೆನೆದರೆ ಇನ್ನಷ್ಟು. ಗೆದ್ದಲು ತಿಂದ ಪಕ್ಕಾಸು ಇಷ್ಟನ್ನು ಹೊತ್ತಿದೆ ಎಂದು ಗೊತ್ತಾದ ಕ್ಷಣ ಅದು ಕಲಿಯುವವರ ಕೈಯ ಕೆಲಸವಾಗಿ ಉಳಿಯುವುದಿಲ್ಲ, ಆಚಾರಿಯನ್ನು ಕರೆಯಿರಿ.

ನೆತ್ತಿಯ ಗಾರೆಗೆ ಬರೀ ಸಿಮೆಂಟು ಬಳಿಯುವುದು ಈಗಿನ ರೂಢಿ. ಹಂಚು ಬಿಸಿಲಿಗೆ ಹಿಗ್ಗಿ ಕುಗ್ಗುತ್ತಿರುತ್ತದೆ, ಗಟ್ಟಿ ಗಾರೆ ಅದರ ಜೊತೆ ಅಲುಗಾಡಲಾರದೆ ಒಂದೆರಡು ವರ್ಷದಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು ಪಾಲಿನ ಗಾರೆ ಹೆಚ್ಚು ಕಾಲ ಬಾಳುತ್ತದೆ. ಸೋರುತ್ತದೆಂದು ಹಂಚಿನಡಿ ಟಾರ್ಪಾಲು ಹೊಡೆಯುವುದಂತೂ ರೋಗವನ್ನು ಬಚ್ಚಿಟ್ಟ ಹಾಗೆ. ಟಾರ್ಪಾಲು ರೀಪುಗಳ ನಡುವೆ ಜೋತುಬಿದ್ದು ಅಲ್ಲಿ ನೀರು ನಿಲ್ಲುತ್ತದೆ, ಗಾಳಿಯಾಡದೆ ರೀಪು ಕೊಳೆಯುತ್ತದೆ. ಕೆಳಗಿದ್ದವರಿಗೆ ಅದು ಗೊತ್ತಾಗುವುದು ಹಂಚಿನ ಸಾಲು ಕುಸಿದಾಗ.

ಅಂಗಳ ಎತ್ತರವಾದ ಕಥೆ

ಈಗ ಮತ್ತೆ ಆ ಉಬ್ಬಿದ ಗೋಡೆಗೆ ಬರೋಣ. ಮಾಡು ಸೋರದಿದ್ದರೂ ಗೋಡೆಯ ಬುಡ ಮಾತ್ರ ಒದ್ದೆಯಾಗಿದ್ದರೆ ಎಲ್ಲರೂ 'ನೆಲದಿಂದ ಥಂಡಿ ಏರುತ್ತಿದೆ' ಎನ್ನುತ್ತಾರೆ. ನಿಜ, ಈ ಗೋಡೆಗಳ ಪಂಚಾಂಗದ, ಅಂದರೆ ಅಡಿಪಾಯದ ಮೇಲೆ ಈಗಿನ ಮನೆಗಳ ಹಾಗೆ ನೀರು ತಡೆಯುವ ಪಟ್ಟಿ ಇಲ್ಲ. ಆದರೆ ಎಂಬತ್ತು ವರ್ಷ ಉಬ್ಬದೆ ನಿಂತ ಗೋಡೆ ಈಚಿನ ಐದು ವರ್ಷದಲ್ಲಿ ಉಬ್ಬಲು ಶುರುವಾಗಿದ್ದರೆ ಗೋಡೆಯನ್ನು ಬೈಯುವ ಮೊದಲು ಅಂಗಳ ನೋಡಬೇಕು.

ಹಳೇ ಮನೆಗೆ ಜಗಲಿ ಹತ್ತಲು ಮೂರು ಮೆಟ್ಟಿಲಿದ್ದವು. ಮಣ್ಣು ತುಂಬಿಸಿದಾಗ ಒಂದು ಮುಳುಗಿತು, ಕಾಂಕ್ರೀಟ್ ಹಾಕಿದಾಗ ಇನ್ನರ್ಧ, ಇಂಟರ್‌ಲಾಕ್ ಕೂರಿಸಿದಾಗ ಉಳಿದರ್ಧ. ಈಗ ಒಂದೇ ಮೆಟ್ಟಿಲು. ಅಂದರೆ ಹೊರಗಿನ ನೆಲ ಸುಮಾರು ಒಂದಡಿ ಮೇಲೆ ಬಂದು ಗೋಡೆಯ ಬುಡಕ್ಕೆ ಒರಗಿ ಕೂತಿದೆ. ಜೊತೆಗೆ, ಮೊದಲು ಸೂರಿನ ನೀರು ಬೀಳುತ್ತಿದ್ದುದು ಚರಳು ಮಣ್ಣಿನ ಮೇಲೆ. ಈಗ ಬೀಳುವುದು ಗಟ್ಟಿ ನೆಲದ ಮೇಲೆ, ಅಲ್ಲಿಂದ ಎರಡಡಿ ಎತ್ತರಕ್ಕೆ ಸಿಡಿದು ಇಡೀ ಮಳೆಗಾಲ ಗೋಡೆಗೆ ರಾಚುತ್ತದೆ. ಹಿಂದೆ ಮಳೆ ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನೋಡಲು ಚೆನ್ನಾಗಿಲ್ಲವೆಂದು ಅದನ್ನೂ ಬಿಟ್ಟೆವು. ಎಲ್ಲ ಸೇರಿ ಗೋಡೆಗೆ ಒಣಗಲು ಪುರುಸೊತ್ತೇ ಇಲ್ಲ.

ಕಲಿಯುವವರಿಗೆ ಇಲ್ಲಿರುವ ಕೆಲಸ ಬರೀ ಗುದ್ದಲಿಯದು, ಫಲ ಮಾತ್ರ ಬಣ್ಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಸೂರಿನ ಹನಿ ಬೀಳುವ ಗೆರೆಯುದ್ದಕ್ಕೂ ಇಂಟರ್‌ಲಾಕ್ ಎಬ್ಬಿಸಿ, ಒಂದಡಿ ಅಗಲ, ಒಂಬತ್ತು ಇಂಚು ಆಳದ ಕಾಲುವೆ ತೋಡಿ. ಹೊರಹೋಗುವ ಕಡೆಗೆ ಎಂಟು ಅಡಿಗೆ ಒಂದಿಂಚಿನಷ್ಟು ಇಳುಕಲು ಇರಲಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿಕೊಂಡರೆ ಸಾಕು. 20 ಎಂ.ಎಂ. ಜಲ್ಲಿ ತುಂಬಿ. 30 ಅಡಿ ಉದ್ದಕ್ಕೆ 22–23 ಘನ ಅಡಿ ಜಲ್ಲಿ ಹಿಡಿಸುತ್ತದೆ. ಬಿದ್ದ ನೀರು ಸಿಡಿಯದೆ ಜಲ್ಲಿಯೊಳಗೆ ಇಳಿದು ಹೋಗುತ್ತದೆ. ಗೋಡೆಗೆ ತಾಗಿಕೊಂಡು ತೋಡಬೇಡಿ, ಪಂಚಾಂಗದ ತಳಕ್ಕಿಂತ ಕೆಳಗೆ ಅಂತೂ ಹೋಗಲೇಬೇಡಿ. ಸೂರು ಗೋಡೆಯಿಂದ ಒಂದೂವರೆ ಅಡಿಯೂ ಚಾಚಿಲ್ಲದಿದ್ದರೆ ಮೊದಲು ಸೂರಿನಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ ನೀರನ್ನು ದೂರ ಸಾಗಿಸಿ.

ಗೋಡೆಗಿಂತ ಮೆತ್ತಗಿನ ಗಾರೆ

ನೀರಿನ ದಾರಿ ತಪ್ಪಿಸಿ ಒಂದು ಮಳೆಗಾಲ ಕಳೆದ ಮೇಲೂ ಬುಡ ಒದ್ದೆಯಿದ್ದರೆ ಆಗ ಗೋಡೆಯನ್ನು ಮುಟ್ಟಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಗೋಡೆಗೆ ಮುಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದರೆ ತೇವ ಗೋಡೆಯೊಳಗಿನದು. ಮುಂಬದಿಯಲ್ಲಿ ಹನಿಗಟ್ಟಿದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ವಾಸಿ.

ಸುಣ್ಣ ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಜಂಬಿಟ್ಟಿಗೆ (ಮುರಕಲ್ಲು) ಗೋಡೆ ನೀರು ಹೀರುತ್ತದೆ, ಬಿಸಿಲು ಬಂದಾಗ ಮೈಯೆಲ್ಲದರಿಂದ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಳಿದರೆ ನೀರು ಹೀರುವ ದಾರಿ ಹಾಗೇ ಇರುತ್ತದೆ, ಬಿಡುವ ದಾರಿ ಮುಚ್ಚಿಹೋಗುತ್ತದೆ. ಎರಡಡಿಗೆ ನಿಂತಿದ್ದ ಒದ್ದೆ ತೇಪೆಯ ಮೇಲಂಚು ದಾಟಿ ನಾಲ್ಕಡಿಗೆ ಏರುತ್ತದೆ. ನೀರಿನ ಜೊತೆ ಬಂದ ಉಪ್ಪು ಸಿಮೆಂಟಿನ ಬೆನ್ನಿಗೆ ಹರಳುಗಟ್ಟಿ, ಹರಳು ಬೆಳೆದಂತೆ ಗಾರೆಯನ್ನು ಹೊರಕ್ಕೆ ದೂಡುತ್ತದೆ. ಬಿದ್ದ ಸಿಮೆಂಟಿನ ಚೂರನ್ನು ತಿರುಗಿಸಿ ನೋಡಿ, ಬೆನ್ನಿಗೆ ಅರ್ಧ ಇಂಚು ಕಲ್ಲಿನ ಹುಡಿ ಅಂಟಿರುತ್ತದೆ. ತೇಪೆ ತಾನು ಗಟ್ಟಿಯಾಗಿ ಉಳಿದು ಗೋಡೆಯನ್ನು ತಿಂದಿದೆ. ಹಾಳಾಗಲೇಬೇಕಾದ್ದು ಒಂದಿದ್ದರೆ ಅದು ಗಾರೆಯೇ ಆಗಲಿ, ಮತ್ತೆ ಬಳಿಯಬಹುದು. ಕಲ್ಲನ್ನು ಮತ್ತೆ ತರುವುದೆಲ್ಲಿಂದ?

ಮಳೆಗಾಲದಲ್ಲಿ ಗಾರೆ ಆರುವುದಿಲ್ಲ, ಏಪ್ರಿಲ್ ಬಿಸಿಲಿಗೆ ಆರುವ ಮೊದಲೇ ಬಿರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ತೇವದ ಗೆರೆಯಿಂದ ಒಂದಡಿ ಮೇಲಿನವರೆಗೂ ಹಳೇ ಗಾರೆ, ಬಣ್ಣ ಎಲ್ಲ ಬಿಡಿಸಿ. ಕಲ್ಲಿನ ಸಂದುಗಳನ್ನು ಮುಕ್ಕಾಲು ಇಂಚು ಕೆದಕಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಬಿದ್ದದ್ದನ್ನು ಗುಡಿಸಿ ಹೊರಗೆ ಹಾಕಿ. ತೊಳೆದರೆ ಅದೇ ಉಪ್ಪು ಕರಗಿ ವಾಪಸು ಒಳಗೆ ಹೋಗುತ್ತದೆ. ಹಾಗೇ ಕನಿಷ್ಠ ಎರಡು ಮೂರು ವಾರ ಬಿಡಿ. ನೆಂಟರು ಬರುವ ದಿನ ಇಟ್ಟುಕೊಂಡು ಈ ಕೆಲಸ ಶುರು ಮಾಡಬಾರದು ಎನ್ನುವುದು ಇದಕ್ಕೇ.

ಗಾರೆಗೆ ಸುಣ್ಣದ ಪೇಸ್ಟು ಒಂದು ಪಾಲು, ಮರಳು ಮೂರು ಪಾಲು. ಚೀಲದ ಸುಣ್ಣದ ಪುಡಿಯನ್ನು ನೀರಿಗೆ ಸುರಿದು ಒಂದು ರಾತ್ರಿಯಾದರೂ ನೆನೆಸಿದರೆ ಪೇಸ್ಟು ಸಿಗುತ್ತದೆ. ಸುಟ್ಟ ಸುಣ್ಣದ ಕಲ್ಲೇ ತಂದಿದ್ದರೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಹೊಯ್ದರೆ ಸಿಡಿಯುತ್ತದೆ. ಅದನ್ನು ಎರಡು ವಾರ ನೀರಿನಡಿ ಬಿಟ್ಟು, ಜರಡಿ ಹಿಡಿದು ಬಳಸಿ. ಅರಳದೆ ಉಳಿದ ಹರಳು ಗೋಡೆಯಲ್ಲಿ ಸೇರಿದರೆ ತಿಂಗಳಾದ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಸುಣ್ಣ ಮುಟ್ಟಬೇಡಿ. ಮರಳು ಹೊಳೆಯದಾಗಲಿ, ಎಂ-ಸ್ಯಾಂಡ್ ಆಗಲಿ, ಉಪ್ಪುನೀರಿನದು ಮಾತ್ರ ಬೇಡ. ಹತ್ತಡಿ ಉದ್ದ, ನಾಲ್ಕಡಿ ಎತ್ತರದ ಗೋಡೆಗೆ ಮುಕ್ಕಾಲು ಇಂಚು ದಪ್ಪ ಬರಲು, ಡೊಂಕು ತುಂಬುವುದೂ ಸೇರಿ, 15 ಲೀಟರಿನ ಬಕೆಟಿನಲ್ಲಿ ಆರೂವರೆ ಬಕೆಟ್ ಮರಳು, ಎರಡಕ್ಕಿಂತ ತುಸು ಹೆಚ್ಚು ಬಕೆಟ್ ಪೇಸ್ಟು ಬೇಕಾದೀತು. ಹಿಂದೆ ಇದಕ್ಕೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಮೊದಲ ಸಲಕ್ಕೆ ಅದಿಲ್ಲದೆಯೂ ನಡೆಯುತ್ತದೆ.

ಗೋಡೆಗೆ ನೀರು ಚಿಮುಕಿಸಿ, ಮೇಲೆ ಹನಿ ನಿಲ್ಲದಂತೆ ನೋಡಿಕೊಂಡು ಮೊದಲ ಪದರವನ್ನು ಕರಣೆಯಿಂದ ಎಸೆದು ಒತ್ತಿ. ಅರ್ಧ ಇಂಚಿಗಿಂತ ದಪ್ಪ ಬೇಡ, ದಪ್ಪವಾದರೆ ತನ್ನ ಭಾರಕ್ಕೇ ಜಾರುತ್ತದೆ. ಅದು ಬಿಗಿಯುವ ಮುಂಚೆ ಕಡ್ಡಿಯಿಂದ ಅಡ್ಡಡ್ಡ ಗೀರಿ. ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ, ಸುಮಾರು ಒಂದು ವಾರಕ್ಕೆ, ಎರಡನೇ ಪದರ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ಆದರೆ ತೇವ ಇದ್ದಾಗ ಮಾತ್ರ. ಒದ್ದೆ ಗೋಣಿತಾಟು ಇಳಿಬಿಟ್ಟು ಒಂದು ವಾರ ದಿನಕ್ಕೆರಡು ಸಲ ನೀರು ಸಿಂಪಡಿಸಿ. ಈ ವಾರ ತಪ್ಪಿಸಿದವರ ಗೋಡೆಯೇ ಕೈ ಸವರಿದರೆ ಹುಡಿ ಉದುರುವ ಗೋಡೆ. ಸಣ್ಣ ಬಿರುಕು ಕಂಡರೆ ಹೆದರಬೇಡಿ, ಅದೇ ದಿನ ನೀರು ಹಚ್ಚಿ ಮರದ ಮಣೆಯಿಂದ ತಿಕ್ಕಿದರೆ ಮುಚ್ಚಿಕೊಳ್ಳುತ್ತದೆ.

ಬಣ್ಣ ಎಂದರೆ ಇಲ್ಲಿ ಸುಣ್ಣವೇ. ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರು, ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕರಗಿಸಿದ ಸ್ವಲ್ಪ ಅಂಟು ಸೇರಿಸಿ ಮೂರು ಸಲ ತೆಳ್ಳಗೆ. ಹಚ್ಚುವಾಗ ನೀರಿನಂತೆ ಕಾಣುತ್ತದೆ, ಬೆಳ್ಳಗಾಗುವುದು ಒಣಗಿದ ಮೇಲೆ. ಕಾಣುವುದಿಲ್ಲವೆಂದು ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಪುಟ್ಟಿ, ಪ್ಲಾಸ್ಟಿಕ್ ಪೇಂಟು ಬಳಿದರೆ ಮತ್ತೆ ಆ ಪೂರಿ.

ನಲ್ಲಿ, ಸ್ವಿಚ್ಚು

ನಲ್ಲಿ ಬದಲಿಸುವುದನ್ನು ಹತ್ತು ನಿಮಿಷದ ಕೆಲಸ ಎಂದು ವಿಡಿಯೋಗಳಲ್ಲಿ ತೋರಿಸುತ್ತಾರೆ. ಅದು ಹೊಸ ಪೈಪಿನ ಮನೆಯ ಮಾತು. ಹಳೇ ಮನೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ನಲ್ಲಿಯ ಮರೆಗಳು (ತಿರುಪಿನ ಗೆರೆಗಳು) ತುಕ್ಕಿನಿಂದ ಪೈಪಿಗೆ ಬೆಸೆದುಕೊಂಡಿರುತ್ತವೆ. ರೆಂಚು ಹಾಕಿ ತಿರುಗಿಸಿದರೆ ನಲ್ಲಿಯ ಜೊತೆ ಗೋಡೆಯೊಳಗಿನ ಎಲ್ಬೋ ತಿರುಗಿ ಒಡೆಯುತ್ತದೆ, ಆಮೇಲೆ ಗೋಡೆ ಒಡೆಯುವುದೇ ಗತಿ. ಮೊದಲು ಟ್ಯಾಂಕಿನ ವಾಲ್ವ್ ನಿಜಕ್ಕೂ ಮುಚ್ಚುತ್ತದೆಯೇ ನೋಡಿ. ಹಿಂದಿನ ದಿನವೇ ಮರೆಗೆ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಬಿಡಿ. ಒಂದು ರೆಂಚಿನಿಂದ ಪೈಪನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಲ್ಲಿ ತಿರುಗಿಸಿ. ಜಗ್ಗದಿದ್ದರೆ ಬಿಟ್ಟುಬಿಡಿ, ಬರೀ ವಾಷರ್ ಬದಲಿಸಿದರೂ ಬಹಳಷ್ಟು ನಲ್ಲಿಗಳ ಹನಿ ನಿಲ್ಲುತ್ತದೆ. ಹೊಸದಕ್ಕೆ ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ. ತಿರುವುಮುರುವಾದರೆ ಕೂರಿಸುವಾಗಲೇ ಟೇಪು ಸುರುಳಿಯಾಗಿ ಹೊರಬರುತ್ತದೆ.

ಮರದ ಪಟ್ಟಿಯ ಮೇಲೆ ಓಡಿದ ಹಳೇ ವೈರಿಂಗನ್ನು ಮಾತ್ರ ಕಲಿಯುವವರು ಮುಟ್ಟಬಾರದು. ಬಗ್ಗಿಸಿದರೆ ಅದರ ರಬ್ಬರು ಚೂರುಚೂರಾಗಿ ಉದುರುತ್ತದೆ, ಅರ್ತ್ ವೈರು ಬಹುತೇಕ ಇರುವುದೇ ಇಲ್ಲ. ಲೈಸೆನ್ಸ್ ಇರುವ ವೈರ್‌ಮನ್‌ನಿಂದ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು) ಹಾಕಿಸಿ, ಅರ್ತ್ ಮಾಡಿಸಿ, ಗೀಸರಿಗೆ 4 ಚದರ ಎಂ.ಎಂ.ನ ಬೇರೆ ತಂತಿ ಎಳೆಸಿ. ಮಾಡು ಸೋರುವ ಮನೆಯಲ್ಲಿ ಪಕ್ಕಾಸಿನ ಮೇಲಿನ ವೈರು ಒದ್ದೆಯಾಗುತ್ತದೆ ಎಂಬುದೊಂದೇ ಸಾಕು, ಈ ಖರ್ಚು ಬಣ್ಣಕ್ಕಿಂತ ಮುಂದೆ ಬರಲು.

ಬಾಗಿಲು, ಕೆಂಪು ನೆಲ

ಜುಲೈಯಲ್ಲಿ ಬಾಗಿಲು ಹೊಸ್ತಿಲಿಗೆ ಉಜ್ಜುತ್ತದೆ, ಯಾರಾದರೂ ಕೀಸುಳಿ ತಂದೇ ತರುತ್ತಾರೆ. ತಡೆಯಿರಿ. ಮರ ಉಬ್ಬಿರುವ ಕಾಲದಲ್ಲಿ ಕೀಸಿದರೆ ಮಾರ್ಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಉಜ್ಜುವ ಜಾಗಕ್ಕೆ ಮೇಣದಬತ್ತಿ ತಿಕ್ಕಿ ಮಳೆಗಾಲ ದಾಟಿಸಿ. ಎಷ್ಟೋ ಸಲ ಮರ ಉಬ್ಬಿರುವುದೇ ಇಲ್ಲ, ಮೇಲಿನ ಹಿಂಜಿನ ಸ್ಕ್ರೂ ಸಡಿಲಾಗಿ ಬಾಗಿಲು ಜೋತಿರುತ್ತದೆ. ಸ್ಕ್ರೂ ಬಿಚ್ಚಿ ತೂತಿಗೆ ಫೆವಿಕಾಲ್ ಹಚ್ಚಿದ ಬಿದಿರಿನ ಕಡ್ಡಿ ಬಡಿದು, ಒಂದು ದಿನ ಬಿಟ್ಟು ಅದೇ ಸ್ಕ್ರೂ ಮತ್ತೆ ಹಾಕಿದರೆ ಬಾಗಿಲು ಎದ್ದು ನಿಲ್ಲುತ್ತದೆ. ಹಳೇ ಎನಾಮೆಲ್ ಬಣ್ಣ ಕೆರೆಯುವುದಿದ್ದರೆ ಒಣ ಮರಳು ಕಾಗದ ಬೇಡ. ಮನೆಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದಕ್ಕೂ ಹಳೆಯದರಲ್ಲಿ ಸೀಸ ಇದೆಯೆಂದೇ ತಿಳಿಯಿರಿ. ನೀರು ಹಚ್ಚಿ ವಾಟರ್ ಪೇಪರಿನಿಂದ ತಿಕ್ಕಿ, ಮಕ್ಕಳನ್ನು ದೂರ ಇಟ್ಟು, ರಾಡಿಯನ್ನು ಒರೆಸಿ ಚೀಲಕ್ಕೆ ಕಟ್ಟಿ. ಕರಾವಳಿಯವರು ಪಕ್ಕಾಸಿಗೆ ಹಚ್ಚುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಗೆದ್ದಲು ತಡೆಯಲು ಒಳ್ಳೆಯದೇ, ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

ಕೆಂಪು ನೆಲ ಮಂಕಾಗಿದೆಯೆಂದು ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸುವವರಿದ್ದಾರೆ. ಹಾಗೆ ಮಾಡಿದಾಗ ನೆಲದಿಂದ ಮೇಲೆ ಬರುತ್ತಿದ್ದ ತೇವ ದಾರಿ ಕಾಣದೆ ಗೋಡೆಯ ಕಡೆ ಸರಿದು, ಬುಡದ ಒದ್ದೆ ಇನ್ನೂ ಮೇಲಕ್ಕೆ ಏರುತ್ತದೆ. ನೆಲಕ್ಕೆ ಆಸಿಡ್ ತಾಗಿಸಬೇಡಿ. ಮೆದು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ಅದ್ದಿದ ಕೊಬ್ಬರಿ ಎಣ್ಣೆಯನ್ನು ತೀರಾ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಉಜ್ಜಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ನಾಲ್ಕೈದು ತಿಂಗಳಲ್ಲಿ ಹೊಳಪು ಮರಳುತ್ತದೆ. ಕಿತ್ತುಹೋದ ಜಾಗವನ್ನು ಚೌಕಾಕಾರ ಕತ್ತರಿಸಿ, ಸಿಮೆಂಟಿನ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚಾಗದಂತೆ ರೆಡ್ ಆಕ್ಸೈಡ್ ಬೆರೆಸಿ ತುಂಬಬಹುದು. ಬಣ್ಣ ಹೆಚ್ಚಾದರೆ ತೇಪೆ ಹುಡಿಹುಡಿಯಾಗುತ್ತದೆ. ಎಷ್ಟೇ ಜಾಣತನ ಮಾಡಿದರೂ ಹಳೇ ಕೆಂಪಿಗೆ ಹೊಸ ಕೆಂಪು ಕೂಡುವುದಿಲ್ಲ. ತೇಪೆ ಹಾಕಿದ ಜಾಗದಲ್ಲಿ ಚಾಪೆ ಹಾಸುವುದು ಎಲ್ಲ ಮನೆಯಲ್ಲೂ ನಡೆದುಬಂದಿದೆ.

ಹಂಚಿನ ಕೆಲಸ ಮುಗಿದಾಗ ಉಳಿದ ಇಪ್ಪತ್ತು ಮೂವತ್ತನ್ನು ಯಾರಿಗೂ ಕೊಡಬೇಡಿ. ಹಿತ್ತಿಲ ಗೋಡೆಗೆ ನಿಲ್ಲಿಸಿ ಒರಗಿಸಿಡಿ. ಅಡ್ಡ ಪೇರಿಸಿದರೆ ಅಡಿಯವು ಬಿರುಕುಬಿಡುತ್ತವೆ, ಸಂದಿಯಲ್ಲಿ ಚೇಳೂ ಸಂಸಾರ ಹೂಡುತ್ತದೆ. ಎತ್ತಿಕೊಳ್ಳುವ ಮೊದಲು ಕಾಲಿನಿಂದ ಒಮ್ಮೆ ಅಲುಗಾಡಿಸಿ ನೋಡಿ.